ಹಳೇ ಜಿಪ್ಸಿ ಸ್ಟೇರಿಂಗ್ ರಿಪೇರಿ + ಪವರ್ ಸ್ಟೇರಿಂಗ್: ದುಡ್ಡು ಎಲ್ಲಿ ವಸೂಲಾಯ್ತು, ಎಲ್ಲಿ ಆಗ್ಲಿಲ್ಲ

ಪೂರ್ತಿ ಓದೋಕೆ ಪುರುಸೊತ್ತಿಲ್ದೋರಿಗೆ ಮೊದ್ಲೇ ಹೇಳ್ಬಿಡ್ತೀನಿ. ಕಿಂಗ್ ಪಿನ್ (ಮುಂದಿನ ಚಕ್ರ ಎಡಬಲ ತಿರುಗೋ ಗೂಟ) ಬೇರಿಂಗ್, ಟೈ ರಾಡ್ (ಎರಡೂ ಚಕ್ರನ ಜೋಡಿಸೋ ಸರಳು) ಎಂಡ್, ಇವಕ್ಕೆ ಹಾಕಿದ ದುಡ್ಡು ಪೂರ್ತಿ ವಸೂಲು. ಎಲೆಕ್ಟ್ರಿಕ್ ಪವರ್ ಸ್ಟೇರಿಂಗ್‌ಗೆ ಹಾಕಿದ್ದು ಮುಕ್ಕಾಲು ವಸೂಲು. ಉಳಿದ ಕಾಲು ಭಾಗ ಯಾಕೆ ಆಗ್ಲಿಲ್ಲ, ಹಾಕ್ಸೋ ಯೋಚ್ನೆ ಇರೋರು ಏನೇನು ನೋಡ್ಕೋಬೇಕು ಅಂತ ಕೆಳಗೆ ಬರ್ದಿದೀನಿ, ಉದ್ದ ಆಗಿದೆ, ಅಡ್ಜಸ್ಟ್ ಮಾಡ್ಕೊಳಿ.

ಗಾಡಿ ಜಿಪ್ಸಿ ಕಿಂಗ್, 1298 ಸಿಸಿ, ಕಾರ್ಬುರೇಟರ್ ಮಾಡೆಲ್ಲು, ಅಂದ್ರೆ ಎಂಪಿಎಫ್ಐ (ಪೆಟ್ರೋಲ್ ಇಂಜೆಕ್ಷನ್) ಬರೋಕ್ ಮುಂಚಿನದು. ಫ್ಯಾಕ್ಟ್ರಿಯಿಂದ ಪವರ್ ಸ್ಟೇರಿಂಗ್ ಇಲ್ಲ. ಮಾರುತಿಯೋರು 1985ರ ಡಿಸೆಂಬರ್‌ನಲ್ಲಿ ಜಿಪ್ಸಿ ಬಿಟ್ಟಾಗಿಂದ 2019ರ ಹೊತ್ತಿಗೆ ಜನಕ್ಕೆ ಮಾರೋದು ನಿಲ್ಸೋವರೆಗೂ ಇಂಜಿನ್ ಬದಲಾಯ್ತು, ಗೇರ್‌ಬಾಕ್ಸ್ ಬದಲಾಯ್ತು, 1993ರಲ್ಲಿ ಟ್ರ್ಯಾಕ್ (ಎಡ ಬಲ ಚಕ್ರದ ನಡುವಿನ ಅಂತರ) ಅಗಲ ಆಯ್ತು, ಆದ್ರೆ ಮುಂದಿನ ರಿಜಿಡ್ ಆಕ್ಸಲ್ಲು (ಎರಡು ಚಕ್ರಕ್ಕೂ ಸೇರಿ ಒಂದೇ ಗಟ್ಟಿ ಅಚ್ಚು), ಲೀಫ್ ಸ್ಪ್ರಿಂಗು, ಕಿಂಗ್ ಪಿನ್ನು ಮಾತ್ರ ಹಾಗೇ ಉಳ್ಕೊಂಡ್ವು. ಹಂಗಾಗಿ ಇಲ್ಲಿ ಬರ್ದಿರೋದು ಯಾವ ವರ್ಷದ ಜಿಪ್ಸಿ ಇದ್ರೂ ಹೆಚ್ಚು ಕಮ್ಮಿ ಅನ್ವಯ ಆಗತ್ತೆ. ನಾನು ಓಡ್ಸೋದು ಸಕಲೇಶಪುರದ ಸುತ್ತಮುತ್ತ, ವಾರದಲ್ಲಿ ಬಹುಪಾಲು ತೋಟದೊಳಗೆ, ಆಗಾಗ ಹಾಸನ, ಮನಸ್ಸು ಬಂದ್ರೆ ದೇವರಮನೆ ಬಿಸಿಲೆ ಕಡೆ. ಹಿಂದಿನ ಓನರ್ರು 235/75 ಆರ್15 ಟೈರ್ ಹಾಕಿಟ್ಟಿದ್ರು, ನೋಡೋಕೆ ಏನೋ ಗತ್ತಾಗಿದೆ, ಆದ್ರೆ ನಿಂತಲ್ಲೇ ತಿರುಗ್ಸೋಕೆ ಹೋದ್ರೆ ಭುಜ ಕೈಗೆ ಬರತ್ತೆ.

ಭಾರ ಒಂದು ತೊಂದ್ರೆ ಆದ್ರೆ ಅದಕ್ಕಿಂತ ದೊಡ್ಡದು ಚಕ್ರ ಕುಣಿಯೋದು. ಹಾಸನ ರೋಡಲ್ಲಿ 60ರ ಆಸುಪಾಸು ಹೋಗ್ತಾ ಇರ್ತೀವಿ, ಒಂದು ಸಣ್ಣ ಗುಂಡಿಯೋ ಸೇತುವೆ ಜಾಯಿಂಟೋ ಸಿಕ್ತು ಅಂದ್ಕೊಳಿ, ತಕ್ಷಣ ಮುಂದಿನ ಎರಡೂ ವೀಲು ದಡದಡದಡ ಅಂತ ಹೊಡ್ಕೊಳೋಕೆ ಶುರು, ಸ್ಟೇರಿಂಗ್ ಕೈಯಿಂದ ಕಿತ್ಕೊಂಡ್ ಹೋಗೋ ಥರ, ಬ್ರೇಕ್ ಹಾಕಿ 30ಕ್ಕೆ ಇಳ್ಸೋವರೆಗೂ ನಿಲ್ಲಲ್ಲ. ಜಿಪ್ಸಿ ಇಟ್ಕೊಂಡಿರೋರು ಇದನ್ನ ಓದ್ತಾ ತಲೆ ಅಲ್ಲಾಡಿಸ್ತಾ ಇರ್ತೀರ, ಗೊತ್ತು.

ಸುಮಾರು ಗ್ಯಾರೇಜ್‌ಗಳಲ್ಲಿ ಇದಕ್ಕೆ ಕೊಡೋ ಮದ್ದು ಒಂದೇ, ಹೊಸ ಸ್ಟೇರಿಂಗ್ ಡ್ಯಾಂಪರ್. ಹಾಕಿದ್ ತಕ್ಷಣ ಕುಣಿಯೋದು ನಿಲ್ಲತ್ತೆ, ಕಸ್ಟಮರ್ ಖುಷಿ, ಒಂದು ಮಳೆಗಾಲ ಕಳೆಯೋದ್ರೊಳಗೆ ಮತ್ತೆ ಅದೇ ಕಥೆ. ಯಾಕಂದ್ರೆ ಡ್ಯಾಂಪರ್ ಮಾಡೋದು ಅಲುಗಾಟ ಅದುಮಿ ಹಿಡಿಯೋ ಕೆಲ್ಸ ಅಷ್ಟೇ, ಅಲುಗಾಡ್ತಿರೋ ಜಾಗ ಬೇರೇನೇ ಇರತ್ತೆ. ನನ್ನ ಗಾಡಿಲೂ ಡ್ಯಾಂಪರ್ ಹೊಸದೇ ಇತ್ತು!

ಈಗ ವರ್ಕ್‌ಶಾಪ್ ವಿಷ್ಯ. ಹಾಸನದ ಹೊರಗಡೆ ಇರೋ ಒಂದು ಸಣ್ಣ ಶೆಡ್ಡು, ಮುಖ್ಯ ಮೆಕ್ಯಾನಿಕ್ ಒಬ್ರು, ಎಲ್ರೂ ಬಾಯ್ ಅಂತಾರೆ, ಇಬ್ರು ಹುಡುಗ್ರು. ಹೆಸರು ಹಾಕ್ತಿಲ್ಲ, ಒಂದೆರಡು ದೂರು ಇದೆ, ಅದ್ರಲ್ಲಿ ದೊಡ್ಡದನ್ನ ಆಮೇಲೆ ಸರಿ ಮಾಡ್ಕೊಟ್ರು, ಸುಮ್ನೆ ಹೆಸರು ಕೆಡ್ಸೋದ್ ಬೇಡ. ನಾನು ಹೋಗಿದ್ದು ಸೀದಾ ಪವರ್ ಸ್ಟೇರಿಂಗ್ ಹಾಕ್ಸೋಕೇ. ಬಾಯ್ ಗಾಡಿ ಒಂದು ರೌಂಡ್ ಓಡಿಸ್ಕೊಂಡ್ ಬಂದು ಇಳಿದು, "ಸಾರ್, ಇದಕ್ಕೆ ಈಗ ಪವರ್ ಹಾಕಿದ್ರೆ ಒಂದೇ ಬೆರಳಲ್ಲಿ ಗಾಡಿನ ಮೋರಿಗೆ ಇಳಿಸ್ಬೋದು" ಅಂದ್ರು. ಅಲ್ಲೇ ನಂಬ್ಕೆ ಬಂತು. ಬೇರೆಯೋರಾಗಿದ್ರೆ ಮೂವತ್ತು ಸಾವಿರದ ಕೆಲ್ಸ ತಾನಾಗೇ ಬಾಗ್ಲಿಗೆ ಬಂದಿದೆ ಅಂತ ಅವತ್ತೇ ಅಡ್ವಾನ್ಸ್ ಇಸ್ಕೊಂಡಿರೋರು.

ಚೆಕ್ ಮಾಡಿದ ರೀತಿ ಹೇಳ್ತೀನಿ, ಇದು ನೀವು ಮನೇಲೂ ಮಾಡ್ಬೋದು. ಮುಂದಿನ ಚಕ್ರ ಜಾಕ್ ಹಾಕಿ ಎತ್ತಿ, ಟೈರ್‌ನ ಮೇಲೆ ಕೆಳಗೆ ಹಿಡ್ಕೊಂಡು ಅಲ್ಲಾಡ್ಸಿದ್ರು, ಟಕ್ ಟಕ್ ಅಂತು. ಅದು ವೀಲ್ ಬೇರಿಂಗ್ ಇರ್ಬೋದು, ಕಿಂಗ್ ಪಿನ್ ಇರ್ಬೋದು. ಆಮೇಲೆ ಹುಡುಗನ್ನ ಒಳಗೆ ಕೂರ್ಸಿ ಬ್ರೇಕ್ ಒತ್ತಿ ಹಿಡ್ಕೋ ಅಂದ್ರು. ಬ್ರೇಕ್ ಹಿಡಿದಾಗ ಡಿಸ್ಕು ನಕಲ್‌ಗೆ (ಚಕ್ರ ಹಿಡಿದಿರೋ, ಕಿಂಗ್ ಪಿನ್ ಮೇಲೆ ತಿರುಗೋ ಭಾಗ) ಕಚ್ಕೊಳ್ಳತ್ತೆ, ವೀಲ್ ಬೇರಿಂಗ್‌ದಾಗಿದ್ರೆ ಆ ಪ್ಲೇ (ಸಡಿಲ) ಆಗ ಕಾಣಬಾರ್ದು. ನಂದು ಬ್ರೇಕ್ ಹಿಡಿದ್ರೂ ಟಕ್ ಟಕ್ ನಿಲ್ಲಲಿಲ್ಲ, ಅಂದ್ರೆ ಕಿಂಗ್ ಪಿನ್. ಆಮೇಲೆ ಚಕ್ರ ಇಳ್ಸಿ, ಇಂಜಿನ್ ಆಫ್ ಇದ್ದಂಗೇ ಹುಡುಗ ಸ್ಟೇರಿಂಗ್ ಚೂರು ಚೂರು ಆಕಡೆ ಈಕಡೆ ಆಡಿಸ್ತಾ ಇದ್ರೆ ಬಾಯ್ ಕೆಳಗೆ ಮಲ್ಕೊಂಡು ಒಂದೊಂದೇ ಜಾಯಿಂಟ್ ಮೇಲೆ ಕೈ ಇಟ್ಕೊಂಡು ನೋಡಿದ್ರು, ಪ್ಲೇ ಇರೋ ಜಾಯಿಂಟು ಕೈಗೇ ಗೊತ್ತಾಗತ್ತೆ. ಟೈ ರಾಡ್ ಎಂಡ್ ಒಂದು ಹೋಗಿತ್ತು, ಡ್ರ್ಯಾಗ್ ಲಿಂಕ್ (ಸ್ಟೇರಿಂಗ್ ಬಾಕ್ಸಿಂದ ಚಕ್ರದ ಕಡೆ ಹೋಗೋ ಸರಳು) ತುದಿ ಒಂದು ಹೋಗಿತ್ತು, ಕಾಲಮ್‌ನಿಂದ (ಸ್ಟೇರಿಂಗ್ ವೀಲ್ ಕೂತಿರೋ ಕಂಬ) ಸ್ಟೇರಿಂಗ್ ಬಾಕ್ಸ್‌ಗೆ (ಸ್ಟೇರಿಂಗ್ ಗೇರ್ ಇರೋ ಡಬ್ಬ) ಹೋಗೋ ಶಾಫ್ಟ್‌ನಲ್ಲಿರೋ ರಬ್ಬರ್ ಕಪ್ಲಿಂಗ್ ಬಿರುಕು ಬಿಟ್ಟಿತ್ತು. ಎಲ್ಲಾ ಸೇರಿ ಸ್ಟೇರಿಂಗ್‌ನ ಅಂಚಲ್ಲಿ ಅರ್ಧ ಗೇಣು ಪ್ಲೇ. ಇರ್ಬೇಕಾಗಿದ್ದು 10ರಿಂದ 30 ಮಿಲಿಮೀಟರ್ ಅಷ್ಟೇ.

ನಕಲ್ ಬಿಚ್ಚಿದಾಗ ಒಳಗಿನ ಪರಿಸ್ಥಿತಿ ನೋಡಿ ಬೇಜಾರಾಯ್ತು. ಹಿಂಭಾಗದ ಫೆಲ್ಟ್ ಸೀಲು ರಬ್ಬರ್ ಸೀಲು ಎರಡೂ ಹರಿದು ಕೆಸರು ನೀರು ಒಳಗೆ ಹೋಗಿದೆ, ಅದ್ರ ಜೊತೆ ಆಕ್ಸಲ್ ಒಳಗಿನ ಆಯಿಲ್ ಸೀಲ್ ಹೋಗಿ ಡಿಫರೆನ್ಷಿಯಲ್ ಎಣ್ಣೆನೂ ಬಂದು ಸೇರ್ಕೊಂಡು ಗ್ರೀಸ್ ಎಲ್ಲಾ ರಾಗಿ ಅಂಬಲಿ ಥರ ಸುರೀತು. ಒಂದೊಂದು ಕಡೆಗೆ ಮೇಲೊಂದು ಕೆಳಗೊಂದು ಟೇಪರ್ ಬೇರಿಂಗು, ಒಟ್ಟು 4. ಕೆಳಗಿನ ಬೇರಿಂಗ್‌ನ ಕಪ್ (ಹೊರಗಿನ ಬಳೆ) ಒರೆಸಿ ಬಿಸಿಲಿಗೆ ಹಿಡಿದು ತೋರ್ಸಿದ್ರು, ಸುತ್ತಲೂ ಸಾಲಾಗಿ ಸಣ್ಣ ಸಣ್ಣ ಅಡ್ಡಗೆರೆ ಕೊರೆದಿತ್ತು, ಉಗುರು ಆಡಿಸಿದ್ರೆ ತಡೆಯತ್ತೆ. ಈ ಬೇರಿಂಗ್ ವೀಲ್ ಬೇರಿಂಗ್ ಥರ ಪೂರ್ತಿ ಸುತ್ತಲ್ಲ, ನೇರ ಹೋಗ್ವಾಗ ಒಂದೇ ಜಾಗದಲ್ಲಿ ನಿಂತಿರತ್ತೆ, ರೋಲರ್‌ಗಳು ವರ್ಷಗಟ್ಲೆ ಅದೇ ಜಾಗಕ್ಕೆ ಕುಟ್ಟಿ ಕುಟ್ಟಿ ಗುಂಡಿ ಮಾಡಿಬಿಡ್ತವೆ. ನೇರ ಹೋಗ್ವಾಗ ಸ್ಟೇರಿಂಗ್ ಒಂದು ಕಡೆ ಸಿಕ್ಕಾಕೊಂಡಂಗೆ ಆಗಿ ಆಮೇಲೆ ಟಪ್ ಅಂತ ಬಿಡೋದು ಇದಕ್ಕೇ. ಪವರ್ ಸ್ಟೇರಿಂಗ್ ಹಾಕಿದ್ರೆ ಇದು ಕೈಗೆ ಗೊತ್ತಾಗದಂಗೆ ಮುಚ್ಚೋಗತ್ತೆ, ಹೋಗೋದಂತೂ ಇಲ್ಲ.

ಬೇರಿಂಗ್ ಹೊಸದು ಹಾಕೋದು ಯಾರ್ ಬೇಕಾದ್ರೂ ಮಾಡ್ತಾರೆ, ಶಿಮ್ ಹಾಕೋದ್ರಲ್ಲೇ ಇರೋದು ಕೆಲ್ಸ. ಮೇಲೆ ಕೆಳಗೆ ಪಿನ್ ಅಡೀಲಿ ತೆಳ್ಳಗಿನ ಶಿಮ್ ಪ್ಲೇಟ್ ಬರ್ತವೆ, ಜಾಸ್ತಿ ಇದ್ರೆ ಸಡಿಲ, ಕಮ್ಮಿ ಇದ್ರೆ ಬಿಗಿ. ತುಂಬಾ ಕಡೆ ಅಂದಾಜ್ ಮೇಲೆ ಬೋಲ್ಟ್ ಬಿಗಿದು ಕಳಿಸ್ತಾರೆ. ಇಲ್ಲಿ ಬಾಯ್ ಒಳಗಿಂದ ಮೀನು ತೂಗೋ ಕೊಕ್ಕೆ ತಕ್ಕಡಿ ತಂದ್ರು, ಸ್ಪ್ರಿಂಗ್‌ದು, ಕೊಕ್ಕೆನ ನಕಲ್ ತೋಳಲ್ಲಿ ಟೈ ರಾಡ್ ಕೂರೋ ತೂತಿಗೆ ಸಿಕ್ಕಿಸಿ ಮೆಲ್ಲಗೆ ಎಳೆದ್ರು. ನಕಲ್ ಅಲುಗೋಕೆ ಶುರು ಆಗ್ವಾಗ ಮುಳ್ಳು 1 ಕೆಜಿಯಿಂದ 1.8 ಕೆಜಿ ಮಧ್ಯೆ ಇರ್ಬೇಕು, ಕಂಪ್ನಿ ಲೆಕ್ಕನೂ ಅದೇನೇ. ಮೊದಲನೇ ಸಲ ಅರ್ಧ ಕೆಜಿಗೇ ಅಲುಗ್ತು, ಬಿಚ್ಚಿ ಒಂದು ಶಿಮ್ ತೆಗೆದ್ರು, ಮತ್ತೆ ಬಿಗಿದು ಎಳೆದ್ರು, ಒಂದೂವರೆ ಹತ್ರ ಬಂತು, "ಸಾಕು, ಇನ್ನು ಕೂತ್ಕೊಳತ್ತೆ" ಅಂತ ಬಿಟ್ರು. ಸೀಲು ಹಾಕೋಕ್ ಮುಂಚೆ ಈ ತೂಕ ನೋಡ್ಬೇಕು, ಇಲ್ಲಾಂದ್ರೆ ಸೀಲ್‌ನ ಬಿಗಿನೂ ಸೇರ್ಕೊಂಡು ಲೆಕ್ಕ ತಪ್ಪತ್ತೆ ಅಂತ ಆ ಹುಡುಗ್ರಿಗೆ ಬೈದು ಹೇಳ್ಕೊಡ್ತಿದ್ರು. ನನಗೆ ಈ ವರ್ಕ್‌ಶಾಪ್ ಇಷ್ಟ ಆಗಿದ್ದು ಇದಕ್ಕೇ.

ಬೇಜಾರಾಗಿದ್ದು ಅಂದ್ರೆ ಸ್ಪ್ಲಿಟ್ ಪಿನ್ (ನಟ್ ಕಳಚದಂಗೆ ತಡೆಯೋ ತಂತಿ ಪಿನ್ನು). ಟೈ ರಾಡ್ ಎಂಡ್‌ನ ಕ್ಯಾಸಲ್ ನಟ್‌ಗೆ ಹಳೇ ಪಿನ್ನನ್ನೇ ನೆಟ್ಟಗೆ ಮಾಡಿ ವಾಪಸ್ ಹಾಕಿದ್ದ ಹುಡುಗ, ನಾನು ಕೇಳ್ದಾಗ ಏನೂ ಆಗಲ್ಲ ಸಾರ್ ಅಂದ. ಆಗತ್ತಪ್ಪಾ. ಒಂದ್ಸಲ ಬಗ್ಗಿಸಿ ನೆಟ್ಟಗೆ ಮಾಡಿದ ಪಿನ್ನು ಬುಡದಲ್ಲೇ ಮುರಿಯತ್ತೆ, ಹತ್ತು ರೂಪಾಯಿ ಸಾಮಾನು, ಶಿರಾಡಿ ಘಾಟಿಲಿ ಟೈ ರಾಡ್ ಕಳಚ್ಕೊಂಡ್ರೆ ಗತಿ ಏನು. ಹೊಸದು ತರ್ಸಿ ಹಾಕ್ಸಿದೆ.

ಸ್ಟೇರಿಂಗ್ ಬಾಕ್ಸ್‌ ಬಗ್ಗೆ ಎರಡು ಮಾತು. ಬಾಕ್ಸ್ ಮೇಲೆ ಒಂದು ಅಡ್ಜಸ್ಟಿಂಗ್ ಸ್ಕ್ರೂ, ಅದಕ್ಕೊಂದು ಲಾಕ್ ನಟ್ ಇರತ್ತೆ. ಪ್ಲೇ ಇದೆ ಅಂದ ತಕ್ಷಣ ಸ್ಕ್ರೂಡ್ರೈವರ್ ತಗೊಂಡು ಅದನ್ನ ಬಿಗಿಯೋರು ಬಹಳ ಜನ, ರಸ್ತೆ ಬದಿ ಎರಡೇ ನಿಮಿಷದಲ್ಲಿ ಮಾಡಿಕೊಡ್ತಾರೆ. ಚಕ್ರ ನೇರ ಇಟ್ಕೊಂಡೇ ಅದನ್ನ ಸೆಟ್ ಮಾಡ್ಬೇಕು, ಯಾಕಂದ್ರೆ ಗೇರ್‌ಗಳು ಬಿಗಿಯಾಗಿ ಕೂರೋದು ಮಧ್ಯದಲ್ಲಿ. ತಿರುಗಿದ ಸ್ಥಿತಿಲಿ ಬಿಗಿದ್ರೆ ನೇರಕ್ಕೆ ಬಂದಾಗ ಕಚ್ಕೊಳ್ಳತ್ತೆ, ಸ್ಟೇರಿಂಗ್ ತಾನಾಗೇ ವಾಪಸ್ ಬರಲ್ಲ, ಬಾಕ್ಸ್ ಒಳಗಿನ ಗೇರೂ ತಿಂದ್ಹೋಗತ್ತೆ. ನನ್ನ ಬಾಕ್ಸ್ ಪುಣ್ಯಕ್ಕೆ ಚೆನ್ನಾಗಿತ್ತು, ಸೆಕ್ಟರ್ ಶಾಫ್ಟ್ (ಬಾಕ್ಸಿಂದ ಹೊರಗೆ ಬರೋ ಶಾಫ್ಟು) ಸೀಲ್ ಬದಲಾಯ್ಸಿ ಗೇರ್ ಆಯಿಲ್ ತುಂಬ್ಸಿ, ಬಾಕ್ಸ್ ಚಾಸಿಗೆ ಕೂರೋ ಬೋಲ್ಟ್ ಬಿಗಿ ಮಾಡಿ ಬಿಟ್ರು.

ಆಮೇಲೆ ಅಲೈನ್‌ಮೆಂಟ್. ಕಂಪ್ಯೂಟರ್ ಅಲೈನ್‌ಮೆಂಟ್ ಅಂಗ್ಡೀಲಿ ಕ್ಯಾಂಬರ್ ಕ್ಯಾಸ್ಟರ್ (ಚಕ್ರ, ಕಿಂಗ್ ಪಿನ್ ವಾಲಿರೋ ಕೋನಗಳು) ಅಂತ ಕೆಂಪು ಹಸಿರು ಪ್ರಿಂಟ್ ತೆಗೆದು ಬಿಲ್ ಮಾಡ್ತಾರೆ, ರಿಜಿಡ್ ಆಕ್ಸಲ್‌ನಲ್ಲಿ ಅವೆರಡನ್ನೂ ಅಲ್ಲಿ ನಿಂತು ತಿರುಗ್ಸೋಕೆ ಏನೂ ಇಲ್ಲ, ಆಕ್ಸಲ್ ಹೆಂಗಿದ್ಯೋ ಹಂಗೆ. ಅಡ್ಜಸ್ಟ್ ಆಗೋದು ಟೋ ಇನ್ ಒಂದೇ. ಟೈ ರಾಡ್ ತಿರುಗಿಸಿ, ಟೈರ್‌ನ ಮುಂದಿನ ಅಂತರ ಹಿಂದಿನದಕ್ಕಿಂತ 2ರಿಂದ 6 ಮಿಲಿಮೀಟರ್ ಕಮ್ಮಿ ಬರೋ ಹಾಗೆ ಇಟ್ರೆ ಮುಗೀತು. ಇಲ್ಲಿ ಟೇಪು ಸೀಮೆಸುಣ್ಣದಲ್ಲೇ ಮಾಡಿದ್ರು, ಗಾಡಿ ಈಗ ನೇರ ಹೋಗ್ತಿದೆ, ಟೈರ್ ಅಂಚು ಸವೀತಿಲ್ಲ.

ಇಷ್ಟಕ್ಕೆ ಬಿಲ್ ಇಪ್ಪತ್ತು ಸಾವಿರದೊಳಗೇ ಮುಗೀತು, ಬೇರಿಂಗು ಸೀಲು ಬೆಂಗಳೂರು ಜೆ.ಸಿ. ರೋಡಿಂದ ನಾನೇ ತಂದಿದ್ದು ಸೇರಿ. ಅಲ್ಲಿ ಒಂದೇ ಸಾಮಾನಿಗೆ ಮೂರು ರೇಟ್ ಹೇಳ್ತಾರೆ, ಜೆನ್ಯೂನ್ ಡಬ್ಬದಲ್ಲಿ ಲೋಕಲ್ ಮಾಲ್ ಇಟ್ಟು ಕೊಡೋದೂ ಉಂಟು, ಬೇರಿಂಗ್ ಮೇಲೆ ಕೆತ್ತಿರೋ ಬ್ರ್ಯಾಂಡ್ ಹೆಸರು ನೋಡಿ ತಗೊಳಿ, ಡಬ್ಬ ನೋಡಿ ಅಲ್ಲ.

ಇದಾದ್ಮೇಲೆ ಗಾಡಿ ಓಡ್ಸಿದ್ರೆ, ಅಬ್ಬಾ. ಕುಣಿಯೋದು ಪೂರ್ತಿ ನಿಂತೋಯ್ತು, 80ರಲ್ಲೂ ಸುಮ್ನೆ ಹೋಗತ್ತೆ. ಸ್ಟೇರಿಂಗ್ ಭಾರನೂ ಎಷ್ಟೋ ಕಮ್ಮಿ ಆಯ್ತು, ಹಾಳಾದ ಕಿಂಗ್ ಪಿನ್ ಬೇರಿಂಗೇ ಅರ್ಧ ಭಾರ ಮಾಡ್ತಿತ್ತು ಅಂತ ಆಗ ಗೊತ್ತಾಗಿದ್ದು. ನಿಮ್ಮದು ಕಂಪ್ನಿ ಸೈಜ್ ಟೈರ್ ಇದ್ದು ರಸ್ತೇಲಿ ಮಾತ್ರ ಓಡ್ಸೋರಾದ್ರೆ ಇಲ್ಲಿಗೇ ನಿಲ್ಸಿ, ನಿಜವಾಗ್ಲೂ.

ನನಗೆ ತೋಟದಲ್ಲಿ ಲೈನ್ ಮನೆ ಹತ್ರ ಒಂದು ತಿರುವು ಇದೆ, ಒಂದೇ ಸಲಕ್ಕೆ ತಿರುಗಲ್ಲ, ನಿಂತಲ್ಲೇ ಲಾಕ್‌ವರೆಗೂ (ಸ್ಟೇರಿಂಗ್ ಇನ್ನು ತಿರುಗದ ಕೊನೇವರೆಗೂ) ತಿರುಗಿಸಿ ಹಿಂದೆ ತಗೊಂಡು ಮತ್ತೆ ತಿರುಗಿಸ್ಬೇಕು, ಹಿಂದೆ ಗೊಬ್ಬರದ ಮೂಟೆ ಇರತ್ತೆ, ಅಪ್ಪನಿಗೂ ಓಡ್ಸೋಕಾಗ್ಬೇಕು. ಅದಕ್ಕೆ ಪವರ್ ಬೇಕೇ ಬೇಕಿತ್ತು.

ಎರಡು ದಾರಿ ಇದೆ. ಹೈಡ್ರಾಲಿಕ್ ಹಾಕಿದ್ರೆ ಬಾಕ್ಸೇ ಬದಲಾಗತ್ತೆ, ಇಂಜಿನ್‌ಗೆ ಪಂಪು, ಅದಕ್ಕೆ ಬ್ರಾಕೆಟ್ಟು, ಪುಲ್ಲಿ, ಬೆಲ್ಟು, ಆಯಿಲ್ ಡಬ್ಬ, ಪ್ರೆಶರ್ ಹೋಸು. ಕೆಲ್ಸ ಜಾಸ್ತಿ, ದುಡ್ಡೂ ಜಾಸ್ತಿ, ಎಲ್ಲಾದ್ರೂ ಒಂದು ಕಡೆ ಎಣ್ಣೆ ಸೋರ್ತಾನೇ ಇರತ್ತೆ, ಆದ್ರೆ ಶಕ್ತಿ ಬರೋದು ಬಾಕ್ಸ್ ಒಳಗೇ. ಎಲೆಕ್ಟ್ರಿಕ್‌ದು ಬೇರೆ ಕಥೆ, ಗುಜರಿಗೆ ಹೋದ ಸಣ್ಣ ಕಾರಿನ ಮೋಟಾರ್ ಸಮೇತ ಕಾಲಮ್ ತಂದು ಡ್ಯಾಶ್‌ಬೋರ್ಡ್ ಕೆಳಗೆ ಕೂರಿಸ್ತಾರೆ. ಮೋಟಾರ್ ತಿರುಗ್ಸೋದು ಕಾಲಮ್‌ನ, ಹಂಗಾಗಿ ಆ ಬಲ ಎಲ್ಲಾ ಹಳೇ ಶಾಫ್ಟು, ಹಳೇ ಕಪ್ಲಿಂಗು, ಹಳೇ ಮ್ಯಾನುಯಲ್ ಬಾಕ್ಸಿನ ಮೂಲಕನೇ ಹೋಗ್ಬೇಕು. ಕೈಲಿ ತಿರುಗಿಸ್ವಾಗ ಚಕ್ರ ಕಲ್ಲಿಗೆ ಸಿಕ್ಕಿದ್ರೆ ನಾವೇ ನಿಲ್ಸ್ತೀವಿ, ಮೋಟಾರ್‌ಗೆ ಆ ಕರುಣೆ ಇಲ್ಲ. ಪ್ಲೇ ತೆಗೀದೆ ಇದನ್ನ ಹಾಕ್ಬಾರ್ದು ಅನ್ನೋದು ಇದಕ್ಕೇ.

ನಮ್ಮ ಪಕ್ಕದ ತೋಟದೋರದ್ದು ಹಳೇ ಮಹೀಂದ್ರ ಸಿಜೆ3ಬಿ, ಅದ್ರದ್ದಂತೂ ಇನ್ನೊಂದು ತಲೆನೋವು. ಅದ್ರಲ್ಲಿ ಬಾಕ್ಸಿಂದ ಬರೋ ಡ್ರ್ಯಾಗ್ ಲಿಂಕ್ ನೇರ ಚಕ್ರಕ್ಕೆ ಹೋಗಲ್ಲ, ಮಧ್ಯದಲ್ಲಿ ಬೆಲ್ ಕ್ರ್ಯಾಂಕ್ ಅಂತ ಒಂದು ಇದೆ, ಅಲ್ಲಿಂದ ಎರಡು ಟೈ ರಾಡ್ ಆಕಡೆ ಈಕಡೆ. ವಿಲ್ಲಿಸ್ ಕಾಲದ ಡಿಸೈನು. ಆ ಬೆಲ್ ಕ್ರ್ಯಾಂಕ್ ಪಿನ್ ಸವೆದ್ರೆ ಮಿಕ್ಕಿದ್ದೆಲ್ಲಾ ಹೊಸದು ಹಾಕಿದ್ರೂ ಗಾಡಿ ರಸ್ತೆ ತುಂಬಾ ಓಡಾಡತ್ತೆ. ಅವ್ರು ಹೈಡ್ರಾಲಿಕ್ ಹಾಕ್ಸಿ, ಬೆಲ್ ಕ್ರ್ಯಾಂಕ್ ಹಾಗೇ ಬಿಟ್ಟು, ಈಗ ಹಗುರವಾಗಿ ಓಲಾಡ್ತಾ ಬರ್ತಾರೆ.

ನಾನು ಎಲೆಕ್ಟ್ರಿಕ್ ಆರಿಸ್ಕೊಂಡೆ, ಬೇಕಾದ್ರೆ ಬಿಚ್ಚಿ ಹಳೇದು ವಾಪಸ್ ಹಾಕ್ಬೋದು ಅಂತ. ಮಾರುತಿ ಕಾರಿನದೇ ಕಾಲಮ್ ಹೊಂದಿಸಿದ್ರು, ಜೊತೆಗೊಂದು ಕಂಟ್ರೋಲರ್, ಬಲ ಜಾಸ್ತಿ ಕಮ್ಮಿ ಮಾಡೋಕೆ ಒಂದು ನಾಬ್. ಒಟ್ಟು ಮೂವತ್ತು ಸಾವಿರದ ಮೇಲಾಯ್ತು. ಕೆಳಗಿನ ಸ್ಪ್ಲೈನ್ (ಶಾಫ್ಟ್ ತುದಿಯ ಹಲ್ಲು) ಹೊಂದಲ್ಲ, ಹಂಗಾಗಿ ಶಾಫ್ಟ್ ಕತ್ತರಿಸಿ ಸೇರಿಸ್ಬೇಕು, ಹೆದರಿಕೆ ಆಗೋ ಭಾಗ ಇದೇನೇ. ತುದಿಗೆ ತುದಿ ಇಟ್ಟು ಸುಮ್ನೆ ವೆಲ್ಡ್ ಮಾಡಿ ಗ್ರೈಂಡರ್ ಹಿಡಿದು ನೈಸ್ ಮಾಡಿ ಪೇಂಟ್ ಹೊಡೆದ್ರೆ ನೋಡೋಕೆ ಚೆಂದ ಕಾಣತ್ತೆ, ಒಳಗೆ ಎಷ್ಟು ಹಿಡ್ಕೊಂಡಿದೆ ದೇವ್ರೇ ಬಲ್ಲ. ಇಲ್ಲಿ ಹೊರಗಡೆ ದಪ್ಪ ಸ್ಲೀವ್ ಹಾಕಿ, ಎರಡೂ ಕಡೆ ಸುತ್ತ ವೆಲ್ಡ್ ಮಾಡಿ, ಅಡ್ಡಡ್ಡ ತೂತು ಕೊರೆದು ಪಿನ್ನೂ ಹೊಡೆದ್ರು, ನಾನು ಪಕ್ಕದಲ್ಲೇ ನಿಂತಿದ್ದೆ. ನೀವೂ ನಿಂತ್ಕೊಳಿ, ಪೇಂಟ್ ಆದ್ಮೇಲೆ ಹೋಗಿ ನೋಡಿದ್ರೆ ಏನೂ ಗೊತ್ತಾಗಲ್ಲ.

ಈಗ ನಿಂತಲ್ಲೇ ಒಂದು ಕೈಲಿ ತಿರುಗತ್ತೆ, ಅಪ್ಪ ಮತ್ತೆ ಗಾಡಿ ತೆಗೆಯೋಕೆ ಶುರು ಮಾಡಿದ್ರು. ಹಾಗಾದ್ರೆ ಕಾಲು ಭಾಗ ಯಾಕೆ ಕಟ್ ಮಾಡಿದೆ ಅಂದ್ರೆ ಕಾರಣ ಇದೆ.

ಎಲ್ಲಕ್ಕಿಂತ ದೊಡ್ಡದು ನೀರು. ಈ ಕಾಲಮ್ ಹುಟ್ಟಿರೋದು ಗಾಜು ಮುಚ್ಚಿದ ಕಾರಿಗೆ. ಜಿಪ್ಸಿಲಿ ಮಡಚೋ ವಿಂಡ್‌ಶೀಲ್ಡು, ಅದ್ರ ಬುಡದ ರಬ್ಬರ್ ಹಳೇದಾದ್ರೆ ಮಳೆ ನೀರು ಸೀದಾ ಡ್ಯಾಶ್ ಒಳಗೆ ತೊಟ್ಟಿಕ್ಕತ್ತೆ, ಮಲೆನಾಡ ಮಳೆ ಬೇರೆ. ಅವ್ರು ಕಂಟ್ರೋಲರ್‌ನ ಸರಿಯಾಗಿ ಆ ಜಾಗದ ಕೆಳಗೇ ಕಟ್ಟಿದ್ರು! ಜೂನ್‌ನಲ್ಲಿ ಒಂದು ಬೆಳಿಗ್ಗೆ ಪವರ್ ಬರ್ಲೇ ಇಲ್ಲ, ನೋಡಿದ್ರೆ ಕನೆಕ್ಟರ್ ತುಂಬಾ ಹಸಿರು ಕಿಲುಬು. ಹಳೇ ಬಾಕ್ಸ್ ಹಾಗೇ ಇದ್ದಿದ್ರಿಂದ ಕೈಬಲದಲ್ಲೇ ತಿರುಗಿಸ್ಕೊಂಡು ವರ್ಕ್‌ಶಾಪ್‌ಗೆ ಹೋದೆ, ಮೋಟಾರ್ ಎಳ್ಕೊಂಡ್ ತಿರುಗ್ಬೇಕಾದ್ರಿಂದ ಮೊದಲಿಗಿಂತ ಚೂರು ಭಾರನೇ. ದುಡ್ಡು ಕೇಳದೆ ಕಂಟ್ರೋಲರ್‌ನ ಗ್ಲೋವ್ ಬಾಕ್ಸ್ ಹಿಂದೆ ಒಣ ಜಾಗಕ್ಕೆ ವರ್ಗಾಯ್ಸಿ ಹೊಸ ಕನೆಕ್ಟರ್ ಹಾಕ್ಕೊಟ್ರು, ಅದಕ್ಕೆ ಮಾರ್ಕ್ಸ್ ಕೊಡ್ಬೇಕು. ರಬ್ಬರ್ ನಾನೇ ಬದಲಾಯ್ಸಿದೆ.

ಕರೆಂಟ್ ಕಥೆನೂ ಇದೆ, ನಿಂತಲ್ಲೇ ಲಾಕ್‌ಗೆ ತಿರುಗಿಸಿದ್ರೆ 30-40 ಆಂಪ್ಸ್ ಎಳೆಯತ್ತೆ, ರಾತ್ರಿ ಹೆಡ್‌ಲೈಟ್ ಮಂಕಾಗೋದು ಕಣ್ಣಿಗೇ ಕಾಣತ್ತೆ. ಬ್ಯಾಟ್ರಿಯಿಂದ ನೇರ ದಪ್ಪ ವೈರು, ಮಧ್ಯೆ ಫ್ಯೂಸ್, ಕೀ ಆನ್ ಮಾಡಿದ್ರೆ ಮಾತ್ರ ಎಳೆಯೋ ರಿಲೇ, ಇವು ಇಲ್ದೆ ಹಾಕ್ಸ್ಬೇಡಿ, ಹಳೇ ಜಿಪ್ಸಿ ವೈರಿಂಗ್‌ಗೆ ಟ್ಯಾಪ್ ಹೊಡೆದ್ರೆ ಹೊಗೆ ಗ್ಯಾರಂಟಿ.

ಇನ್ನು ಸ್ಟೇರಿಂಗ್ ವಾಪಸ್ ಬರೋದು. ತಿರುವು ಮುಗಿದ್ಮೇಲೆ ಕೈ ಬಿಟ್ರೆ ಮುಂಚೆ ತಾನಾಗೇ ನೇರಕ್ಕೆ ಬರ್ತಿತ್ತು, ಈಗ ಅರ್ಧ ಬಂದು ನಿಲ್ಲತ್ತೆ, ಕೈಲಿ ತರ್ಬೇಕು. ಹೈವೇಲಿ ನಾಬ್ ಕಮ್ಮಿ ಇಡ್ತೀನಿ, ಇಲ್ಲಾಂದ್ರೆ ಲಾರಿ ಓವರ್‌ಟೇಕ್ ಮಾಡ್ವಾಗ ಕೈಗೆ ಏನೂ ಗೊತ್ತಾಗಲ್ಲ. ಹೊಸ ಕಾರಲ್ಲಿ ಸ್ಪೀಡ್ ನೋಡ್ಕೊಂಡು ಅದೇ ಕಮ್ಮಿ ಆಗತ್ತೆ, ಇಲ್ಲಿ ಸ್ಪೀಡ್ ಸಿಗ್ನಲ್ ಇಲ್ಲ, ನಾವೇ ತಿರುಗಿಸ್ಬೇಕು.

ಗಾಡಿ ಲಿಫ್ಟ್ ಮಾಡ್ಸಿರೋರಿಗೆ ಒಂದು ಮಾತು, ಲಿಫ್ಟ್ ಆದಷ್ಟೂ ಡ್ರ್ಯಾಗ್ ಲಿಂಕ್ ಕಡಿದಾಗಿ ನಿಲ್ಲತ್ತೆ, ಆಗ ಚಕ್ರ ಗುಂಡಿಗೆ ಇಳಿದು ಹತ್ತಿದಾಗೆಲ್ಲಾ ಸ್ಟೇರಿಂಗ್ ತಾನೇ ಎಳೆಯತ್ತೆ. ಇದನ್ನ ಪವರ್ ಸ್ಟೇರಿಂಗ್ ಸರಿ ಮಾಡಲ್ಲ, ಲಿಂಕ್‌ನ ಕೋನನೇ ಸರಿ ಮಾಡ್ಸ್ಬೇಕು.

ಆರ್‌ಟಿಓ ಬಗ್ಗೆ ತುಂಬಾ ಜನ ಕೇಳ್ತಾರೆ. ಕಂಪ್ನಿ ಕೊಟ್ಟ ಸ್ಪೆಸಿಫಿಕೇಶನ್ ಬದಲಾಯ್ಸೋ ಹಾಗಿಲ್ಲ ಅಂತ ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಇದೆ, 2019ರ ಜನವರೀಲಿ ಸುಪ್ರೀಂ ಕೋರ್ಟ್ ಕೂಡ ಅದನ್ನ ಬಿಗಿಯಾಗೇ ಹೇಳಿದೆ. 15 ವರ್ಷ ದಾಟಿದ ಗಾಡಿ, 5 ವರ್ಷಕ್ಕೊಮ್ಮೆ ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್) ಹೋಗ್ಲೇಬೇಕು. ಬೇರಿಂಗು ಟೈ ರಾಡು ಎಲ್ಲಾ ರಿಪೇರಿ ಲೆಕ್ಕ, ಅದಕ್ಕೆ ಯಾರೂ ಏನೂ ಅನ್ನಲ್ಲ. ಶಾಫ್ಟ್ ಕತ್ತರಿಸಿ ಕಾಲಮ್ ಬದಲಾಯ್ಸೋದು ಬೇರೆ ವಿಷ್ಯ, ಮೊದ್ಲೇ ಆರ್‌ಟಿಓದಲ್ಲಿ ಇನ್ಶೂರೆನ್ಸ್‌ನೋರ ಹತ್ರ ಕೇಳ್ಕೊಂಡು ಮುಂದುವರೀರಿ. ಕತ್ತರಿಸಿದ ಹಳೇ ಶಾಫ್ಟನ್ನ ವರ್ಕ್‌ಶಾಪ್‌ನಲ್ಲಿ ಬಿಟ್ಟು ಬರ್ಬೇಡಿ, ಇನ್ನೂ ಒಳ್ಳೇದು ಅಂದ್ರೆ ಹಳೇದನ್ನ ಮುಟ್ಟದೆ ಇನ್ನೊಂದು ಶಾಫ್ಟ್ ತಂದು ಅದನ್ನ ಕತ್ತರಿಸೋಕೆ ಹೇಳಿ.

ಕಾಲಮ್ ನೀವೇ ಶಿವಾಜಿನಗರದ ಗುಜರಿಲೋ ಮತ್ತೆಲ್ಲೋ ಹುಡುಕೋದಾದ್ರೆ, ಕೈಲಿ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ, ಒಂದೇ ಸಮ ತಿರುಗ್ಬೇಕು, ಎಲ್ಲೂ ಕಟಕಟ ಅನ್ಬಾರ್ದು, ಅಡ್ಡ ಆಡಬಾರ್ದು. ಅದೇ ಗಾಡಿಯ ಕಂಟ್ರೋಲರ್ ಜೊತೆಗೇ ಕೇಳಿ ಇಸ್ಕೊಳಿ, ವೈರು ಒಂದು ಗೇಣಾದ್ರೂ ಉಳಿದಿರ್ಬೇಕು. ಕನೆಕ್ಟರ್‌ನ ಬುಡಕ್ಕೇ ಕತ್ತರಿಸಿರೋ ಕಾಲಮ್‌ನ ಅರ್ಧ ರೇಟಿಗೆ ಕೊಡ್ತೀನಿ ಅಂದ್ರೂ ತಗೋಬೇಡಿ.